ಉಗುರಿಗೆ ಸಿಕ್ಕ ತೇಪೆ

ಪಳೆಯುಳಿಕೆ ಅಂಗಡಿಯವರಿಗೆ ನಮಸ್ಕಾರ.

ನಿಮ್ಮಲ್ಲಿ ಅಪ್ಪ ಕೊಂಡ ಡೈನೋಸಾರ್ ಹಲ್ಲನ್ನು ಹಿಂದಿರುಗಿಸುತ್ತಿದ್ದೇನೆ. ತುದಿ ಅಸಲಿ. ಬುಡ ಯಾವುದೋ ಪ್ರಾಚೀನ ಮೊಸಳೆಯದು; ಅಂಟಿನ ಗೆರೆ ಕಾಣದಂತೆ ಮರಳು ಮೆತ್ತಲಾಗಿದೆ.

ಇದನ್ನು ಕಂಡುಹಿಡಿದದ್ದು ಪಳೆಯುಳಿಕೆಗಳ ಬಗ್ಗೆಯೇ ಓದಿದ ನಾನಲ್ಲ. ನಾನು ಭೂತಗನ್ನಡಿಯಲ್ಲಿ ನೋಡಿ, ಪೂರ್ತಿ ಅಸಲಿಯೆಂದಿದ್ದೆ. ದೃಷ್ಟಿ ಹೋದ ಮೇಲೆ ಅಪ್ಪ ನನ್ನ ಮಾತು ನಂಬಿಯೇ ಹಲ್ಲುಗಳನ್ನು ಕೊಳ್ಳುತ್ತಾರೆ. ಇದನ್ನು ಉಗುರಿನಿಂದ ಸವರಿದವರೇ, "ಇಲ್ಲಿ ಯಾರೋ ತೇಪೆ ಹಾಕಿದ್ದಾರಲ್ಲೇ! ನಿನ್ನ ಕಣ್ಣೂ ನನ್ನದರ ಹಾದಿ ಹಿಡೀತಾ?" ಎಂದು ನಕ್ಕರು. ಆಮೇಲೆ, ನಾನು ಆರಿಸಿಕೊಟ್ಟ ಹಳೆಯ ಹಲ್ಲುಗಳನ್ನೆಲ್ಲ ಹೊರತೆಗೆದು, ಒಂದೊಂದನ್ನೇ ಸವರುತ್ತ ಸಂಜೆಯವರೆಗೂ ಕುಳಿತಿದ್ದರು.

ಬದಲಿ ಹಲ್ಲು ಆರಿಸಲು ಅವರೇ ಬರುತ್ತಾರೆ. ಜೊತೆಗೆ ನಾನಿರುತ್ತೇನೆ. ದಯವಿಟ್ಟು ನನಗೆ ತೋರಿಸಬೇಡಿ; ಅವರ ಕೈಗೇ ಕೊಡಿ.

ಇಂತಿ,
ನಿಮ್ಮ ಹಳೆಯ ಗಿರಾಕಿಯ ಮಗಳು