ಒಂದು ಮನೆಗೆ ಒಂದೇ ಕನ್ನಡಕ

ದುರ್ಗಿಗುಡಿ, ಶಿವಮೊಗ್ಗ
ತಾ. 14-11-1944, ಮಂಗಳವಾರ

ಚಿ. ಸೌ. ವಸಂತಳಿಗೆ ನಿನ್ನ ತಂದೆಯ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ಭದ್ರಾವತಿಯಲ್ಲಿ ನೀನೂ ಮಂಜಪ್ಪನವರೂ ಮಗುವೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಶ್ರಾವಣದಿಂದೀಚೆಗೆ ನಾನು ನಿನಗೆ ಒಂದು ಸಾಲನ್ನೂ ಬರೆದಿಲ್ಲ. ಮೈಗೆ ಸರಿಯಿರಲಿಲ್ಲ, ಬಿಡುವಿರಲಿಲ್ಲ ಎಂದು ಏನಾದರೂ ಹೇಳಬಹುದು. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಎದ್ದು ಹೋದೆ. ಕ್ಷಮಿಸು ಮಗಳೇ. ಇದನ್ನು ಹೊಸ ಹಾಳೆಯ ಮೇಲೆ ಬರೆದಿರುವುದು ನಿನಗೆ ಆಶ್ಚರ್ಯವಾಗಬಹುದು. ಹುಡುಗರ ಹಳೇ ಪರೀಕ್ಷೆಯ ಹಾಳೆಗಳು ಇನ್ನೂ ಒಂದು ಕಟ್ಟು ಇವೆ. ಅವುಗಳ ಹಿಂಬದಿಯಲ್ಲಿ ಬರೆಯಲು ಈ ಸಲ ಮನಸ್ಸಾಗಲಿಲ್ಲ.

ಹೋದ ತಿಂಗಳು ನಮ್ಮ ಬೀದಿಯವರು ಒಂದು ಸಭೆ ಸೇರಿಸಬೇಕೆಂದುಕೊಂಡರು. ಯುದ್ಧದ ದೆಸೆಯಿಂದ ಅಕ್ಕಿ ಸಕ್ಕರೆಗೆಲ್ಲ ರೇಷನ್, ಸೀಮೆಎಣ್ಣೆಗೆ ಸಾಲು ನಿಲ್ಲಬೇಕು, ಸೌದೆ ಕೊಳ್ಳುವ ಹಾಗೇ ಇಲ್ಲ. ಮನೆಯ ಖರ್ಚನ್ನು ಹಿಡಿತದಲ್ಲಿಡುವುದು ಹೇಗೆಂದು ತಿಳಿದವರು ಯಾರಾದರೂ ನಾಲ್ಕು ಮಾತು ಹೇಳಬೇಕೆಂದರು. ತಿಳಿದವರೆಂದರೆ ಸುಬ್ಬಪ್ಪ ಮೇಷ್ಟರೇ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಎರಡು ದಿನ ಹೇಳಬೇಕಾದ ಮಾತನ್ನೇ ಮನಸ್ಸಿನಲ್ಲಿ ಉರು ಹೊಡೆದೆ.

ಸಭೆಯ ದಿನ ಮಾತು ಚೆನ್ನಾಗಿಯೇ ಹೋಯಿತು. ಅನ್ನ ಮುಕ್ಕಾಲು ಬೆಂದ ಕೂಡಲೇ ಪಾತ್ರೆಯನ್ನು ಇಳಿಸಿ, ಹುಲ್ಲು ತುಂಬಿದ ಬುಟ್ಟಿಯಲ್ಲಿ ಹೂತು ಮುಚ್ಚಿಟ್ಟರೆ ತನ್ನ ಬಿಸಿಗೇ ಬೇಯುತ್ತದೆ ಎಂದೆ. ಬಟ್ಟೆಗೆ ಸೋಪು ಬೇಡ, ಅಂಟುವಾಳ ಸಾಕು. ಶರಟಿನ ಕಾಲರು ಸವೆದರೆ ಬಿಚ್ಚಿ ಮಗುಚಿ ಹೊಲಿಸಿ, ಇನ್ನೆರಡು ವರ್ಷ ಬರುತ್ತದೆ. ಬಂದ ಲಕೋಟೆಯನ್ನು ಬಿಡಿಸಿ ಒಳಮಗ್ಗುಲು ಹೊರಗೆ ಮಾಡಿ ಅಂಟಿಸಿದರೆ ಅದೇ ಹೊಸದು. ಜನ ತಲೆದೂಗಿದರು. ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ಚಪ್ಪಾಳೆಯ ಆಸೆಗೆ, “ನಮ್ಮ ಮನೇಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಕನ್ನಡಕ. ನಾಲ್ಕು ವರ್ಷದಿಂದ ಯಾವ ತೊಂದರೆಯೂ ಇಲ್ಲ” ಎಂದುಬಿಟ್ಟೆ.

ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಕನ್ನಡಕ ಮಾರುವ ಹಯಾತ್ ಸಾಹೇಬರು ಮುಂದೆಯೇ ಕುಳಿತಿದ್ದರು. “ನಮ್ಮ ಅಂಗಡಿ ಬಾಗಿಲು ಹಾಕಿಸ್ತೀರಲ್ಲ ಮೇಷ್ಟ್ರೇ! ಇಬ್ರಿಗೂ ಒಂದೇ ಟೈಮಿಗೆ ಬೇಕಾದ್ರೆ ಏನ್ ಮಾಡ್ತೀರಿ?” ಎಂದು ನಗುತ್ತಾ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕು, “ಅಲ್ಲೇ ಕೂತಿದ್ದಾಳಲ್ಲ, ಅವಳನ್ನೇ ಕೇಳಿ” ಎಂದೆ.

ನಿನ್ನ ತಾಯಿ ಹೆಂಗಸರ ಸಾಲಿನಲ್ಲಿ ಎದ್ದು ನಿಂತಳು. ಅವಳು ನಾಲ್ಕು ಜನರ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಇವರ ಕನ್ನಡಕ ನನ್ನ ಕಣ್ಣಿಗೆ ಹೊಂದಲ್ಲ. ಹಾಕ್ಕೊಂಡ್ರೆ ಅಕ್ಷರ ಎಲ್ಲ ಕಲಸಿ ಹೋಗುತ್ತೆ. ಹೇಳಿ ಹೇಳಿ ಸುಮ್ಮನಾದೆ. ಭದ್ರಾವತೀಲಿರೋ ಮಗಳ ಕಾಗದಾನ ನಾನೇ ಓದಿ ನಾಲ್ಕು ವರ್ಷ ಆಯ್ತು. ಇವರು ಓದಿ ಹೇಳ್ತಾರೆ, ನಾನು ಕೇಳ್ಕೊಂತೀನಿ.”

ದನಿಯಲ್ಲಿ ಕೋಪವಿರಲಿಲ್ಲ. ಅಷ್ಟು ಹೇಳಿ ಕುಳಿತಳು. ಯಾರೂ ನಗಲಿಲ್ಲ. ನನಗೆ ಹಾರ ಹಾಕಿದರು. ಅದನ್ನು ಕೊರಳಲ್ಲಿ ಹೊತ್ತುಕೊಂಡು ಮನೆಯವರೆಗೆ ಅವಳ ಹಿಂದೆ ನಡೆದು ಬಂದೆ.

ಮಾರನೆಯ ದಿನ ಅವಳನ್ನು ಹಯಾತ್ ಸಾಹೇಬರ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಒಂದು ಪೆಟ್ಟಿಗೆಯ ತುಂಬ ಕನ್ನಡಕ ತಂದಿಟ್ಟು, ಒಂದೊಂದನ್ನೇ ಹಾಕಿಸಿ ನೋಡಿದರು. ಐದನೆಯದನ್ನು ಹಾಕಿಕೊಂಡವಳು ಸೆರಗಿನ ತೇಪೆಯನ್ನು ಕಣ್ಣ ಮುಂದೆ ಹಿಡಿದು, “ಅಯ್ಯೋ, ಇಷ್ಟು ಸೊಟ್ಟಗೆ ಹೊಲಿದಿದ್ದೀನಾ? ಇದನ್ನೇ ಉಟ್ಕೊಂಡು ಎಲ್ಲ ಕಡೆ ಓಡಾಡಿದೀನಲ್ಲ!” ಎಂದಳು. ಆಗಲೂ ನನ್ನ ಬಾಯಿ ತಾನಾಗಿಯೇ, “ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಸಾಹೇಬ್ರೇ” ಎಂದಿತು. “ಇವತ್ತೂ ಚೌಕಾಸಿನಾ ಮೇಷ್ಟ್ರೇ?” ಎಂದು ಅವರು ಮೆಲ್ಲಗೆ ಕೇಳಿದರು. ತಲೆ ಎತ್ತದೆ ದುಡ್ಡು ಕೊಟ್ಟೆ.

ಈಗ ಅವಳು ಕ್ಯಾಲೆಂಡರು, ಬೆಂಕಿಪೆಟ್ಟಿಗೆ, ಸಾಮಾನು ಕಟ್ಟಿ ಬಂದ ಚೂರು ಪತ್ರಿಕೆ, ಎಲ್ಲವನ್ನೂ ಓದುತ್ತಾಳೆ. ಹೋದ ವಾರ ಟ್ರಂಕಿನಿಂದ ನಿನ್ನ ಕಾಗದಗಳನ್ನು ತೆಗೆದು, ಹಳೆಯದರಿಂದ ಶುರು ಮಾಡಿದಳು. ಅಡಿಗೆ ಮುಗಿಸಿ ದಿನಕ್ಕೆ ನಾಲ್ಕೈದು. “ನೋಡಿ, ಮಗೂಗೆ ಹಲ್ಲು ಬಂದಿದ್ದನ್ನ ಎಷ್ಟು ಚೆನ್ನಾಗಿ ಬರೆದಿದ್ದಾಳೆ” ಎಂದು ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು. ನಾನು ಜಗಲಿಯಲ್ಲಿ ಕುಳಿತು ಹೂಂಗುಟ್ಟುತ್ತಿದ್ದೆ.

ಮಂಜಪ್ಪನವರಿಗೆ ನನ್ನ ಆಶೀರ್ವಾದ ತಿಳಿಸು. ಮಗುವಿಗೆ ಮುತ್ತು. ಚಳಿ ಶುರುವಾಗಿದೆ, ಬೆಚ್ಚಗಿರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ತಂದೆ
ಸುಬ್ಬಪ್ಪ

ಸಹಿ ಹಾಕಿದ ಮೇಲೂ ಬರೆಯುತ್ತಿದ್ದೇನೆ. ಈ ಕಾಗದಕ್ಕೆ ಕುಳಿತದ್ದೇ ಇದಕ್ಕಾಗಿ. ಇಷ್ಟು ಹೊತ್ತು ಸುತ್ತಿ ಬಳಸಿದೆ.

ಆಷಾಢದಲ್ಲಿ ನೀನು ಬರೆದಿದ್ದೆ: ‘ಐದು ತಿಂಗಳು ತುಂಬಿದೆ. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರು ಹೇಳಿದ್ದಾರೆ. ನೀರು ಸೇದಲು, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಅಮ್ಮನನ್ನು ಹದಿನೈದು ದಿನಕ್ಕೆ ಕಳಿಸಿ ಅಪ್ಪಾ, ನನಗೆ ಹೆದರಿಕೆಯಾಗುತ್ತಿದೆ.’ ಕಣ್ಣಿನಲ್ಲಿ ಅದನ್ನು ಓದಿದೆ. ಬಾಯಲ್ಲಿ, ‘ನಾವೆಲ್ಲ ಕ್ಷೇಮ, ಅಮ್ಮನಿಗೆ ನಮಸ್ಕಾರ’ ಎಂದು ಓದಿದೆ. ಅವಳು ನಿನ್ನಲ್ಲಿಗೆ ಬಂದರೆ ನನಗೆ ಹದಿನೈದು ದಿನ ಹೋಟೆಲಿನ ಊಟ, ಅವಳಿಗೆ ಹೋಗಿ ಬರುವ ರೈಲಿನ ಖರ್ಚು. ಅಷ್ಟೇ ನಾನು ಯೋಚಿಸಿದ್ದು.

ಹತ್ತೇ ದಿನಕ್ಕೆ ಗರ್ಭ ಇಳಿದುಹೋಯಿತೆಂದು ಮಂಜಪ್ಪನವರ ಕಾರ್ಡು ಬಂತು. ಆವತ್ತೇ ಓಡಿ ಬಂದ ತಾಯಿಯ ಹತ್ತಿರ ನೀನು ಮಾತಾಡಲಿಲ್ಲವಂತೆ, ಅವಳಿದ್ದ ಎರಡು ದಿನವೂ ಗೋಡೆಯ ಕಡೆ ತಿರುಗಿ ಮಲಗಿದ್ದೆಯಂತೆ. ಹಿಂದಿರುಗಿದವಳು, “ಒಂದು ಮಾತು ಬರೆದು ಕರೆಸ್ಕೋಬಾರ್ದಾಗಿತ್ತಾ? ನಾನು ಅವಳಿಗೆ ಅಷ್ಟು ಬೇಡವಾದ್ನಾ?” ಎಂದು ಅತ್ತಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಬಾಯಿ ಬಿಡಲಿಲ್ಲ.

ನಿನ್ನೆ ಮಧ್ಯಾಹ್ನ ಆ ಕಾಗದ ಅವಳ ಕೈಗೆ ಸಿಕ್ಕಿತು. ಜಗಲಿಗೆ ಬಂದು ನನ್ನ ಮುಂದೆ ಹಿಡಿದು, “ಇದನ್ನ ಓದಿ” ಎಂದಳು. ನಾನು ಕೈಗೆ ತೆಗೆದುಕೊಂಡು ಕಣ್ಣಿನಲ್ಲೇ ಓದತೊಡಗಿದೆ. “ಗಟ್ಟಿಯಾಗಿ ಓದಿ. ಪೂರ್ತಿ ಓದಿ” ಎಂದಳು. ಓದಿದೆ ವಸಂತಾ, ಒಂದಕ್ಷರ ಬಿಡದೆ. ಅವಳು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ಅಲ್ಲಿಂದ ಈಚೆಗೆ ನನ್ನ ಹತ್ತಿರ ಮಾತಿಲ್ಲ. ಗುರುವಾರ ಬೆಳಗಿನ ರೈಲಿಗೆ ನಿನ್ನ ಊರಿಗೆ ಹೊರಡುತ್ತಾಳೆಂದು ಪಕ್ಕದ ಮನೆಯವರಿಂದ ತಿಳಿಯಿತು. ಎಂದು ಹಿಂದಿರುಗುತ್ತಾಳೋ ಕೇಳುವ ಮುಖ ನನಗಿಲ್ಲ.

ಅವಳು ಬರುವುದರೊಳಗೆ ಇದು ನಿನ್ನ ಕೈ ಸೇರಲಿ ಎಂದು ಈಗಲೇ ಅಂಚೆಗೆ ಹಾಕುತ್ತಿದ್ದೇನೆ. ಈ ಸಲ ಅವಳಿಗೆ ಬೆನ್ನು ಮಾಡಿ ಮಲಗಬೇಡ. ಮೂರು ತಿಂಗಳಿಂದ ನೀನು ಅವಳ ಮೇಲೆ ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದದ್ದು.