ಕೇಳದೆ ಆಡಿದ ಮಾತು

ಹೊಳನಗದ್ದೆ, ಕುಮಟಾ
ಶನಿವಾರ, ೧೨ ಏಪ್ರಿಲ್ ೨೦೨೫

ಮಗಾ ಸಂಗೀತಾ,

ಹೇಗಿದ್ದೀಯಾ? ಊಟ ಸೇರುತ್ತಿದೆಯಾ? ಬೇಜಾರಾದಾಗ ನೀನು ಮೊದಲು ಬಿಡುವುದು ಅನ್ನವನ್ನೇ, ಸಣ್ಣವಳಿದ್ದಾಗಿನಿಂದಲೂ ಹಾಗೆಯೇ. ಪುಟ್ಟಿಯ ಕೆಮ್ಮು ಕಡಿಮೆಯಾಯಿತೇ? ಕಾರವಾರದ ಸೆಕೆಗೆ ಅವಳಿಗೆ ಐಸ್‌ಕ್ಯಾಂಡಿ ಕೊಡಿಸಬೇಡ ಎಂದು ಬರೆಯಲು ಹೊರಟಿದ್ದೆ. ಬುದ್ಧಿ ಹೇಳುವ ಬಾಯಿ ಈಗ ನನಗೆಲ್ಲಿದೆ ಅನ್ನಿಸಿ ಅಲ್ಲಿಗೇ ಬಿಟ್ಟೆ. ನನ್ನ ಮೈ ಪರವಾಗಿಲ್ಲ, ಮೊಣಕಾಲು ನೋವು ಇದ್ದದ್ದೇ. ಈ ಸಲ ಈರುಳ್ಳಿ ಚೆನ್ನಾಗಿ ಬಂದಿದೆ, ಗಡ್ಡೆ ಸಣ್ಣದು, ಸಿಹಿ ಮಾತ್ರ ಹೋದ ವರ್ಷಕ್ಕಿಂತ ಜಾಸ್ತಿ. ನಿನ್ನ ಅತ್ತಿಗೆ ಹೇಮಾ ಹೆಣೆದು ಕೊಡುತ್ತಾಳೆ, ನಾನು ಹೆದ್ದಾರಿಯ ಬದಿಯಲ್ಲಿ ಗೊಂಚಲು ತೂಗಿಸಿ ಕೂರುತ್ತೇನೆ. ನಿನ್ನ ಮನೆಗೆಂದು ನಾಲ್ಕು ಗೊಂಚಲು ಬೇರೆ ತೆಗೆದಿಟ್ಟಿದ್ದೇನೆ. ಯಾರ ಕೈಯಲ್ಲಿ ಕಳಿಸುವುದೋ ತಿಳಿಯದು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಪತ್ರ ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ಸೊಟ್ಟಗಾದರೆ ಟೀಚರಮ್ಮನ ಕಣ್ಣಿನಿಂದ ನೋಡಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ, ಎತ್ತದಿದ್ದದ್ದು ಸರಿಯೇ. ಭಾಸ್ಕರ ಒಮ್ಮೆ ಮಾಡಿದ್ದ. ಅಲ್ಲಿ ಆದದ್ದನ್ನು ಹೇಳಿ, "ಅತ್ತೆ, ಸ್ವಲ್ಪ ದಿನ ಅವಳಿಗೆ ಫೋನ್ ಮಾಡ್ಬೇಡಿ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ನಿನ್ನ ಗಂಡನಿಗೆ ಬೈಯಲು ಬರುವುದಿಲ್ಲ. ನೀನು ನೋಡಿದ್ದು ಯಾರೋ ಮೊಬೈಲಿನಲ್ಲಿ ಹಿಡಿದ ಒಂದು ತುಂಡು ವಿಡಿಯೋ. ಅದರ ಹಿಂದೆ ಮುಂದೆ ನಡೆದದ್ದನ್ನು ನಾನೇ ಹೇಳಬೇಕು. ಕೇಳಿದ ಮೇಲೆ ನಿನ್ನ ಸಿಟ್ಟು ಇನ್ನೂ ಹೆಚ್ಚಾದರೆ ಆಗಲಿ.

ಜಿಲ್ಲಾ ಪಂಚಾಯಿತಿ ಚುನಾವಣೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಿನ್ನ ಅಣ್ಣ ಪ್ರಮೋದ ಕಾಯುತ್ತಿರುವುದು ನಿನಗೆ ಗೊತ್ತು. ಈ ಸಲ ಟಿಕೆಟ್ ತನಗೇ ಎಂದು ನಂಬಿದ್ದ. ಅವನ ಪಕ್ಷದವರು ಕುಮಟೆಯ ಒಂದು ಕಲ್ಯಾಣ ಮಂಟಪದಲ್ಲಿ 'ಮಾತೃ ಸನ್ಮಾನ' ಎಂದು ಕಾರ್ಯಕ್ರಮ ಇಟ್ಟರು. ನಾಲ್ಕಕ್ಕಿಂತ ಹೆಚ್ಚು ಹೆತ್ತ ತಾಯಂದಿರಿಗೆ ಶಾಲು, ಹಣ್ಣಿನ ಬುಟ್ಟಿ. "ಆಯಿ, ನೀ ಸ್ಟೇಜಿನ ಮೇಲೆ ಕೂತ್ರೆ ಆತು. ಎಂತದೂ ಮಾತಾಡೂದು ಬೇಡ" ಎಂದು ಕರೆದುಕೊಂಡು ಹೋದ. ನಾನು ಒಲ್ಲೆ ಎನ್ನಲಿಲ್ಲ ಮಗಾ. ನೀನು ದೀಪಾವಳಿಗೆ ಕೊಟ್ಟ ಹಸಿರು ಸೀರೆ ಉಟ್ಟುಕೊಂಡೆ, ತಲೆಗೆ ಅಬ್ಬಲಿಗೆ ಮುಡಿದೆ. ಇಷ್ಟು ವಯಸ್ಸಿಗೆ ಯಾರಾದರೂ ನನ್ನ ಹೆಸರು ಕೂಗಿ ಮೇಲೆ ಕರೆಯುತ್ತಾರಲ್ಲ ಎಂದು ಹಿಗ್ಗು. ಯಾಕೆ ಕರೆಯುತ್ತಿದ್ದಾರೆ ಎಂದು ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು.

ಮೇಲೆ ನಾವು ಎಂಟು ಹೆಂಗಸರು ಕುರ್ಚಿಯಲ್ಲಿ ಕೂತೆವು. ಮೈಕಿನವ "ಪರಮೇಶ್ವರಿ ನಾಯ್ಕ, ಆರು ಮಕ್ಕಳ ತಾಯಿ" ಎಂದು ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆರರಲ್ಲಿ ಎರಡು ಮಣ್ಣಿಗೆ ಹೋದವು ಎಂದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಆಮೇಲೆ ಹೊರಗಿನಿಂದ ಬಂದ ಭಾಷಣಕಾರರೊಬ್ಬರು ಎದ್ದರು. ಒಳ್ಳೆಯ ಕಂಠ, ದೇವರ ಹೆಸರು ಹೇಳಿ ಶುರುಮಾಡಿದರು. ಬರಬರುತ್ತ ಮಾತು ಭಟ್ಕಳಕ್ಕೆ ಹೋಯಿತು. ಅಲ್ಲಿ ಒಂದೊಂದು ಮನೆಯಲ್ಲಿ ಎಷ್ಟೆಷ್ಟು ಹುಟ್ಟುತ್ತಿವೆ ನೋಡಿ, ನಾಳೆ ಈ ನೆಲ ಯಾರದ್ದಾಗುತ್ತದೆ ಯೋಚಿಸಿ ಎಂದರು. ನಮ್ಮ ಕಡೆಯ ಓದಿದ ಹುಡುಗಿಯರು ಒಂದಕ್ಕೇ ಸಾಕೆನ್ನುತ್ತಾರೆ, ಹೊಟ್ಟೆಯಲ್ಲಿ ನಿಂತದ್ದನ್ನೂ ತೆಗೆಸಿಕೊಂಡು ಬರುತ್ತಾರೆ, ಅಂಥವಳನ್ನು ಹೆಣ್ಣು ಎಂದು ಕರೆಯುವುದು ಹೇಗೆ ಎಂದರು. ಎಂದವರೇ ನಮ್ಮ ಕಡೆ ಕೈ ತೋರಿಸಿ, "ಈ ತಾಯಂದಿರನ್ನು ನೋಡಿ ಕಲಿಯಿರಿ" ಎಂದರು. ಸಂತೆಯಲ್ಲಿ ಹಾಲು ಕರೆಯುವ ಎಮ್ಮೆಯನ್ನು ಹೀಗೆಯೇ ತೋರಿಸುತ್ತಾರೆ. ಹೆಗಲ ಮೇಲಿನ ಶಾಲು ಒದ್ದೆ ಕಂಬಳಿಯಷ್ಟು ಭಾರವಾಯಿತು.

ಭಟ್ಕಳ ಎಂದರೆ ನನಗೆ ರಾಬಿಯಾ. ಭಟ್ಕಳದ ಹತ್ತಿರದ ಬೆಳಕೆ ಊರಿನ ನಮ್ಮ ಅಪ್ಪನ ಮನೆಯಿಂದ ಬಸಳೆ, ಹರಿವೆ ಸೊಪ್ಪು ಹೊತ್ತು ಅವರ ಮನೆಗೆ ಹೋಗುತ್ತಿದ್ದಾಗಿನಿಂದ ಅವಳು ನನ್ನ ಗೆಳತಿ. ಈಗಲೂ ಪ್ರತಿ ಬೇಸಿಗೆ ಕಾರು ನಿಲ್ಲಿಸಿ ನನ್ನ ಹತ್ತಿರವೇ ಈರುಳ್ಳಿ ಒಯ್ಯುತ್ತಾಳೆ. ನೀನು ಹೊಟ್ಟೆಯಲ್ಲಿದ್ದ ವರ್ಷ ನನ್ನನ್ನು ನೋಡಿ, "ಪರಮೇಶ್ವರಿ, ನಿಂಗೆ ಇನ್ನೂ ಸಾಕಾಗ್ಲಿಲ್ವಾ?" ಎಂದಿದ್ದಳು. "ನಂಗೆ ಎಂದೋ ಸಾಕಾತು. ಮನೆಯವ್ರಿಗೆ ಆಗ್ಲಿಲ್ಲ" ಎಂದಿದ್ದೆ. ಇಬ್ಬರೂ ನಕ್ಕಿದ್ದೆವು, ಅಳುವುದರ ಬದಲು. ಅವಳದು ಎರಡೇ ಮಕ್ಕಳು.

ಕಡೆಯಲ್ಲಿ ಮೈಕಿನವ ನಮ್ಮ ಮುಂದೆ ಬಂದು, ತಾಯಂದಿರಲ್ಲಿ ಯಾರಾದರೂ ಆಶೀರ್ವಾದದ ಎರಡು ಮಾತು ಹೇಳಲಿ ಎಂದ. ಪ್ರಮೋದ ಕೆಳಗಿನಿಂದ ಬೇಡ ಎಂದು ಕಣ್ಸನ್ನೆ ಮಾಡಿದ. ನಾನು ಎದ್ದೆ. ಮೈಕು ಕೈಗೆ ತೆಗೆದುಕೊಂಡೆ. "ಭಟ್ಕಳದ ನನ್ನ ಗೆಳತಿಗೆ ಎರಡೇ ಮಕ್ಕಳು. ನಾನು ಹೆತ್ತದ್ದು ಆರು. ಹೆದರೂದಾದ್ರೆ ಅವಳು ನಂಗೆ ಹೆದರ್ಬೇಕು" ಎಂದೆ. ಜನ ನಕ್ಕರು. ಆ ನಗು ತಲೆಗೆ ಏರಿತು ಮಗಾ, ಅಲ್ಲೇ ಕೂತಿದ್ದರೆ ಆಗುತ್ತಿತ್ತು. "ಆರನ್ನೂ ನಾನು ಬೇಕು ಅಂತ ಹೆತ್ತದ್ದಲ್ಲ. ಬೇಕಾ ಅಂತ ಒಬ್ರೂ ನನ್ನ ಕೇಳ್ಲಿಲ್ಲ. ಅದಕ್ಕೆ ಶಾಲು ಎಂತಕ್ಕೆ?" ಎಂದೆ. ಹೆಂಗಸರು ಕೂತ ಬದಿಯಿಂದ ಯಾರೋ "ಹೌದೇ ಅಕ್ಕ" ಎಂದರು.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳುತ್ತೇನೆ. ಆರನೆಯವಳು ನೀನು. ನಾನು ಹೀಗಂದದ್ದು ಕೇಳಿ ನಿನಗೆ ಚುಚ್ಚಿರಬಹುದು. ಬೇಡವಾಗಿದ್ದದ್ದು ಮತ್ತೊಂದು ಬಸಿರು. ನೀನು ಬಂದು ಮಡಿಲಲ್ಲಿ ಕಣ್ಣು ಬಿಟ್ಟ ಮೇಲೆ ನೀನು ನನ್ನ ಸಂಗೀತಾ. ಆ ಎರಡನ್ನೂ ನಾನು ಒಂದೇ ಎದೆಯಲ್ಲಿ ಇಟ್ಟುಕೊಂಡು ಬದುಕಿದ್ದೇನೆ, ಒಂದು ಇನ್ನೊಂದನ್ನು ಸುಳ್ಳು ಮಾಡಲಿಲ್ಲ.

ಆಮೇಲೆ ಬಾಯಿ ಜಾರಿತು. ಜಾರಿತು ಎಂದರೆ ಅದೂ ನೆಪವೇ. ನಾನೇ ಹೇಳಿದೆ. "ತೆಗೆಸ್ಕಂಡವಳು ಹೆಣ್ಣಲ್ಲ ಅಂದ್ರಿ. ನನ್ನ ಮಗಳು ಸಂಗೀತಾ ಕಾರವಾರದಲ್ಲಿ ಟೀಚರು. ಎರಡನೇದು ತೆಗೆಸ್ಕಂಡ್ಳು. ಸ್ಕ್ಯಾನ್ ಮಾಡ್ದಾಗ ಮಗು ಸಮಾ ಇರ್ಲಿಲ್ಲ, ಡಾಕ್ಟ್ರೇ ತೆಗೆಸಿ ಅಂದ್ರು. ಅವಳು ಹೆಣ್ಣಲ್ವಾ?" ವಿಡಿಯೋದಲ್ಲಿ ಉಳಿದದ್ದು ಇದೇ ತುಂಡು.

ನೀನು ಹೇಳಿದ್ದು ಅದಲ್ಲ. ಆಸ್ಪತ್ರೆಯಿಂದ ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಮಲಗಿದ್ದಾಗ ನಾನು, "ಮಗೂಗೆ ಎಂತ ಆಗಿತ್ತು?" ಎಂದು ಕೇಳಿದೆ. "ಎಂತದೂ ಆಗಿರ್ಲಿಲ್ಲ ಆಯಿ. ನಂಗೆ ಬೇಡಾಗಿತ್ತು" ಎಂದೆ ನೀನು. ಗೋಡೆ ಕಡೆ ತಿರುಗಿಕೊಂಡು, "ಭಾಸ್ಕರಗೆ ಗೊತ್ತು. ಅತ್ತೆಗೆ ತಾನಾಗಿ ಹೋಯ್ತು ಅಂದಿದ್ದೆ. ನೀ ಯಾರಿಗೂ ಹೇಳ್ಬೇಡ" ಎಂದೆ. ನಾನು ಹೂಂ ಎಂದೆ. ಎಂದವಳು ಅಡುಗೆಮನೆಗೆ ಹೋಗಿ, ಇಷ್ಟಕ್ಕೇ ಯಾರಾದರೂ ಹೀಗೆ ಮಾಡುತ್ತಾರಾ ಎಂದು ಒಬ್ಬಳೇ ಗೊಣಗಿದೆ. ನಿನಗೆ ಕೇಳಿಸಿರಬೇಕು. ಆ ಸಂಜೆಯೇ ನೀನು ಹೊರಟೆಯಲ್ಲ. ಹಾಗಾಗಿ ಅಷ್ಟು ಜನರ ಮುಂದೆ ನಿನ್ನ ಕಾರಣ ನನ್ನ ಬಾಯಿಗೆ ಬರಲಿಲ್ಲ, ಅವರಿಗೆ ಒಪ್ಪಿಗೆಯಾಗುವ ಕಾರಣವೊಂದನ್ನು ನಾನೇ ಕಟ್ಟಿದೆ. ಗುಟ್ಟನ್ನೂ ಬಿಟ್ಟುಕೊಟ್ಟೆ, ಸುಳ್ಳನ್ನೂ ಸೇರಿಸಿದೆ.

ಮೈಕನ್ನು ಯಾರೋ ಮೆಲ್ಲಗೆ ತೆಗೆದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಪ್ರಮೋದ, "ನನ್ನ ಮಾನ ತೆಗ್ದೆ ಆಯಿ" ಎಂದ. ಅವನ ಟಿಕೆಟ್ ಹೋದ ಹಾಗೆಯೇ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ, ಹೊರಗೇ ಉಂಡು ಬರುತ್ತಾನೆ. ಅದಕ್ಕೆ ಬೇಜಾರಿದೆ, ನಾಚಿಕೆಯಿಲ್ಲ. ಮರುದಿನ ಈರುಳ್ಳಿ ಸಾಲಿನ ಹೆಂಗಸರೆಲ್ಲ, "ಸಮಾ ಹೇಳ್ದೆ ಮಾರಾಯ್ತಿ" ಎಂದು ಹೊಗಳಿದರು. ಹೊನ್ನಾವರದ ಒಂದು ಮಹಿಳಾ ಸಂಘದವರು ಬಂದು, ನಮ್ಮ ಸಭೆಯಲ್ಲೂ ಮಾತಾಡಬೇಕು ಎಂದರು. ನಾನು ಉಬ್ಬಿದೆ. ನಿನಗೆ ಫೋನ್ ಮಾಡಿ ಹೇಳಬೇಕು, ನೀನು ಖುಷಿಪಡುತ್ತೀ ಎಂದುಕೊಂಡಿದ್ದೆ, ನೋಡು. ಆ ಹೊತ್ತಿಗೆ ನಿನ್ನ ಅತ್ತೆ ಅದನ್ನು ಬೇರೆ ಯಾರದೋ ಮೊಬೈಲಿನಲ್ಲಿ ನೋಡಿ, ಸೊಸೆಯೂ ಮಗನೂ ಸೇರಿ ತನಗೆ ಸುಳ್ಳು ಹೇಳಿದರು ಎಂದು ಅತ್ತು, ಮಗಳ ಮನೆಗೆ ಹೊರಟಾಗಿತ್ತು. ನಿನ್ನ ಶಾಲೆಯ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನೋಡಿದ್ದಾರೆ ಎಂದು ಭಾಸ್ಕರ ಹೇಳಿದ ಮೇಲೆ ನನಗೆ ತಿಳಿಯಿತು.

ಆದರೂ ಪೂರ್ತಿ ತಿಳಿಯಲಿಲ್ಲ. ತಿಳಿಸಿದವಳು ರಾಬಿಯಾ. ಮೊನ್ನೆ ಕಾರು ನಿಲ್ಲಿಸಿದಳು. ಎಂದಿನ ಹಾಗೆ ಇಳಿದು ಪಕ್ಕ ಕೂರಲಿಲ್ಲ. ನಾನೇ ಎದ್ದು ಹೋಗಿ, "ವಿಡಿಯೋ ನೋಡಿದ್ಯಾ? ನಿನ್ನ ಪರವಾಗಿ ಮಾತಾಡ್ದೆ" ಎಂದೆ. "ನೋಡ್ದೆ. ನೀ ನನ್ನ ಮಕ್ಕಳನ್ನ ಎಣಿಸಿ ಅವರಿಗೆ ಲೆಕ್ಕ ಒಪ್ಪಿಸ್ದೆ" ಎಂದಳು. ನನಗೆ ಅರ್ಥವಾಗಲಿಲ್ಲ. "ನನ್ನ ತಂಗಿಗೆ ಏಳು ಮಕ್ಕಳು ಪರಮೇಶ್ವರಿ. ನಂಗೇ ಏಳಿದ್ದಿದ್ರೆ ಆವತ್ತು ನೀ ಎಂತ ಹೇಳ್ತಿದ್ದೆ? ಸುಮ್ನೆ ಕೂರ್ತಿದ್ಯಾ?" ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ, ಸುಸ್ತಾದವರ ಹಾಗೆ ಹೇಳಿದಳು. ಈರುಳ್ಳಿ ತೆಗೆದುಕೊಂಡಳು. ಹೋಗುವಾಗ "ಬರ್ತೆ" ಎಂದಳು. ಅದೊಂದು ಮಾತಿಗೆ ಜೀವ ಹಿಡಿದಿದ್ದೇನೆ.

ಆ ಬಿಸಿಲಿನಲ್ಲಿ ಕೂತು ಯೋಚಿಸಿದೆ. ರಾಬಿಯಾ ಒಳ್ಳೆಯವಳು, ಯಾಕೆಂದರೆ ಎರಡೇ ಹೆತ್ತಳು. ಸಂಗೀತಾ ಒಳ್ಳೆಯವಳು, ಯಾಕೆಂದರೆ ಮಗು ಸರಿಯಿರಲಿಲ್ಲ. ಹೀಗೆ ನಿಮ್ಮಿಬ್ಬರಿಗೂ ಆ ಜನರ ಹತ್ತಿರ ಮಾಫಿ ಬೇಡಿ ಬಂದೆನಲ್ಲ ನಾನು! ಯಾರು ಕೇಳಿದ್ದರು? ಎಷ್ಟು ಹೆರಬೇಕು ಎಂದು ಅವರು ಹೇಳಬಾರದು ಎಂದು ಎದ್ದವಳು, ಯಾಕೆ ಹೆರಲಿಲ್ಲ ಎಂದು ಅವರಿಗೆ ವಿವರ ಕೊಟ್ಟು ಕೂತೆ. ನನ್ನ ಹೊಟ್ಟೆಯನ್ನು ಅವರು ಹೇಗೆ ತೋರಿಸಿದರೋ ಹಾಗೆ ನಿನ್ನದನ್ನು ನಾನು ತೋರಿಸಿದೆ. ಅವರಾದರೂ ಹೊರಗಿನವರು.

ಹೊನ್ನಾವರದವರಿಗೆ ಬರುವುದಿಲ್ಲ ಎಂದು ತಿಳಿಸಿದ್ದೇನೆ. ಬೇರೆ ಎಲ್ಲಾದರೂ ಮಾತಾಡಿದರೆ ನನ್ನ ಬಸಿರಿನ ಮಾತು ಮಾತ್ರ, ಅದು ನನ್ನದು. ನಿನ್ನ ಅತ್ತೆಗೆ ಬೇರೆ ಪತ್ರ ಬರೆಯಲೇ ಎಂದು ಮನಸ್ಸಾಗಿತ್ತು, ನಿನ್ನನ್ನು ಕೇಳದೆ ಬರೆಯುವುದಿಲ್ಲ. ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಲೇಬೇಕಾದ ಹಾಗೆ ಆಗುತ್ತದೆ, ಅದಕ್ಕೆ ಅದನ್ನೂ ಕೇಳುತ್ತಿಲ್ಲ. ಮಾಡಿದ್ದು ತಪ್ಪು ಎಂದು ನನಗೆ ಗೊತ್ತಿದೆ ಎನ್ನುವುದು ನಿನಗೆ ಗೊತ್ತಿರಲಿ. ಪುಟ್ಟಿಗೆ ಅಜ್ಜಿಯ ಮುತ್ತು. ಭಾಸ್ಕರನ ತಾಳ್ಮೆಗೆ ದೇವರು ನೂರು ವರ್ಷ ಆಯುಸ್ಸು ಕೊಡಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅದೊಂದನ್ನು ಆಯಿಯ ಮಾತು ಎಂದು ಕೇಳು.

ನಿನ್ನ
ಆಯಿ

ತಾ.ಕ.: ಪತ್ರ ಮಡಚುವಾಗ ಹೇಮಾ ಹಿತ್ತಲಿಂದ ಬಂದು ಪಕ್ಕದಲ್ಲಿ ಕೂತಳು. ಅವಳನ್ನು ಕೇಳಿ, ಅವಳು ಬರೀರಿ ಎಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಮತ್ತೆ ನಿಂತಿದೆ, ಮೂರನೆಯದು. "ಅತ್ತೆ, ನಂಗೆ ಬೇಡ" ಎಂದಳು. ಪ್ರಮೋದನಿಗೆ ಹೇಳಿಲ್ಲ, ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಹೊನ್ನಾವರದ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದ್ದಾಳೆ, ಗಂಡನ ಸಹಿ ಬೇಡವಂತೆ, ಹೇಮಾಳದೊಂದೇ ಸಾಕಂತೆ. ಬರುವ ಶುಕ್ರವಾರ ಬೆಳಿಗ್ಗೆ ನಾನೂ ಅವಳೂ ಬಸ್ಸಿಗೆ ಹೊರಡುತ್ತೇವೆ. ನೀನು ಬಂದರೆ ಅವಳಿಗೆ ಧೈರ್ಯ, "ಸಂಗೀತಾ ಬತ್ತಳಾ?" ಎಂದು ಎರಡು ಸಲ ಕೇಳಿದಳು. ನನ್ನ ಜೊತೆ ಮಾತಾಡದಿದ್ದರೂ ಸರಿ, ಅವಳ ಪಕ್ಕ ಕೂತರೆ ಸಾಕು. ಯಾಕೆ ಬೇಡ ಎಂದು ನಾನು ಅವಳನ್ನು ಕೇಳಲಿಲ್ಲ.