ನಿಲ್ಲದ ಕ್ಯಾಮೆರಾ

ಅತ್ತೆ,

ಇವತ್ತಿನ ಬೋಗಾದಿ ಮದುವೆಗೆ ನಿಮ್ಮ ರೇಷ್ಮೆ ಸೀರೆ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದೇನೆ. ಬಿಪಿ ಮಾತ್ರೆ ಟಿವಿ ಪಕ್ಕ ಇದೆ, ತಿಂಡಿ ಆದ ಮೇಲೆ ತಗೊಳ್ಳಿ.

ಫೋಟೋ ಕ್ಯಾಮೆರಾ ಕೊಳ್ಳೋದೋ ವಿಡಿಯೋದ್ದೋ ಅಂತ ನಿಮ್ಮ ಮಗ ಅಂಗಡಿಯಿಂದ ಎರಡನ್ನೂ ತಂದಿಟ್ಟುಕೊಂಡು ವಾರದಿಂದ ತಲೆ ಕೆಡಿಸಿಕೊಂಡಿದ್ದಾರೆ. ವಿಡಿಯೋದ್ದೇ ಕೊಳ್ಳಲಿ.

ಫೋಟೋ ನಾನು ಮೊಬೈಲಿನಲ್ಲಿ ಮೂರು ಸಲ ತೆಗೆದು ನೋಡಿದ್ದೇನೆ. ನನ್ನ ಒಡೆದ ತುಟಿ, ಬೆನ್ನ ಮೇಲಿನ ಬೆಲ್ಟಿನ ಬಾಸುಂಡೆ, ಮುರಿದ ಬೆರಳು, ಎಲ್ಲ ಚೆನ್ನಾಗಿಯೇ ಬಂದಿತ್ತು. ದೊಡ್ಡಮಾವನಿಗೆ ತೋರಿಸಿದರೆ ನೀವು, "ಬಚ್ಚಲಲ್ಲಿ ಜಾರಿ ಬಿದ್ಬುಟ್ಲು ಭಾವ" ಅಂದಿರಿ. ಅವರು ಕಾಫಿ ಕುಡಿದು ಎದ್ದು ಹೋದರು. ಫೋಟೋದಲ್ಲಿ ಗಾಯ ಕಾಣುತ್ತದೆ, ಹೊಡೆದ ಕೈ ಕಾಣುವುದಿಲ್ಲ.

ನಿನ್ನೆ ಮಧ್ಯಾಹ್ನ, ಒಂದು ಗಂಟೆ ಓಡಿಸಿದರೆ ವಿಡಿಯೋ ಕ್ಯಾಮೆರಾ ಬಿಸಿಯಾಗಿ ನಿಲ್ಲುತ್ತದಾ ನೋಡೋಣ ಅಂತ ನಿಮ್ಮ ಮಗನೇ ಹಾಲ್‌ನಲ್ಲಿ ಸ್ಟ್ಯಾಂಡಿಗೆ ಹಾಕಿ ಆನ್ ಮಾಡಿದ್ದರು. ಇನ್ನೊಂದರ ಬ್ಯಾಟರಿ ನಾನು ಚಾರ್ಜಿಗೆ ಹಾಕಿಲ್ಲ ಅಂತ ಗೊತ್ತಾಗಿದ್ದೇ ತಡ, ಇದು ಓಡುತ್ತಿರುವುದನ್ನು ಮರೆತು ನನ್ನ ಮೇಲೆ ಬಿದ್ದರು. ಜಡೆ ಹಿಡಿದು ಎಳೆದದ್ದು, ನಾಲ್ಕು ಸಲ ತಲೆಯನ್ನು ಗೋಡೆಗೆ ಚಚ್ಚಿದ್ದು, ಕೆಳಗೆ ಬಿದ್ದ ಮೇಲೆ ಒದ್ದದ್ದು, ಪೂರ್ತಿ ಬಂದಿದೆ. ಕ್ಯಾಮೆರಾ ನಿಲ್ಲಲಿಲ್ಲ.

ಅದರ ಮೆಮೊರಿ ಕಾರ್ಡ್ ತಗೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದೇನೆ.

ವಿಡಿಯೋದಲ್ಲಿ ಮಾತೂ ಚೆನ್ನಾಗಿ ಕೇಳುತ್ತದೆ ಅತ್ತೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೀವು ಹೇಳಿದ್ದೂ ಇದೆ: "ಮುಖಕ್ಕೆ ಬೇಡ ಕಣೋ, ನಾಳೆ ಮದ್ವೆಗೆ ಕರ್ಕೊಂಡೋಗ್ಬೇಕು."

ಧನುಶ್ರೀ